ಗೊಂಬೆಗೆ ಎಷ್ಟು ಕೀಲು ಬೇಕು?

ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಅಮೃತೇಶ್ವರನ ಗುಡಿಯಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕ್ರಿ.ಶ. 1196ರಲ್ಲಿ ಕಟ್ಟಿಸಿದ್ದು. ಅದರ ತೆರೆದ ಮಂಟಪದ ಗಿಡ್ಡ ಗೋಡೆಯ ಹೊರಮೈಯಲ್ಲಿ 140 ಶಿಲ್ಪಫಲಕಗಳಿವೆ. ದಕ್ಷಿಣದ ಕಡೆಯ 70 ಫಲಕಗಳಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಅಲ್ಲಿ ಕಲ್ಲು ಕದಲುವುದಿಲ್ಲ, ನೋಡುವವನು ಕದಲಬೇಕು. ಅವನು ಒಂದು ಹೆಜ್ಜೆ ಇಟ್ಟರೆ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗೊಂಬೆಯಾಟ ಇದರ ತಿರುಗುಮುರುಗು. ನೋಡುವವರು ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಅದೇ ರಾಮ, ಅದೇ ರಾವಣ ಎದುರಿಗೆ ಬಂದು ಕದಲುತ್ತಾರೆ. ಹಾಗಾದರೆ ಎಷ್ಟು ಕದಲಬೇಕು? ಕೈಯೊಂದು ಎದ್ದರೆ ಸಾಕೆ, ಬೆರಳೂ ಮಡಿಸಬೇಕೆ, ಕಣ್ಣೂ ಮಿಟುಕಿಸಬೇಕೆ?

ಇದು ಬರಿಯ ಕುಶಲಕರ್ಮಿಗಳ ಪ್ರಶ್ನೆಯಲ್ಲ. ಗೊಂಬೆಯಾಟ ನಡೆಸುವ ಕುಟುಂಬಗಳಿಗೆ ಬುದ್ಧಿ ಹೇಳುವವರು ಬಹಳ ಮಂದಿ. ಒಂದು ಗುಂಪು ಹೇಳುತ್ತದೆ: ಕಾಲ ಬದಲಾಗಿದೆ, ಮಕ್ಕಳು ಪರದೆಯ ಮೇಲೆ ಏನೇನೋ ನೋಡಿದ್ದಾರೆ, ನಿಮ್ಮ ಗೊಂಬೆ ಬಾಯಿ ತೆರೆಯಲಿ, ಮೋಟಾರು ಹಾಕಿ, ಬಣ್ಣದ ದೀಪ ಹಾಕಿ. ಇನ್ನೊಂದು ಗುಂಪು ಹೇಳುತ್ತದೆ: ಏನನ್ನೂ ಮುಟ್ಟಬೇಡಿ, ಸರಳತೆಯೇ ಇದರ ಜೀವ. ಎರಡು ಗುಂಪಿನವರೂ ಆಟ ಮುಗಿದ ಮೇಲೆ ತಮ್ಮ ಮನೆಗೆ ಹೋಗುವವರು. ಪೆಟ್ಟಿಗೆ ಹೊತ್ತು ಮುಂದಿನ ಊರಿಗೆ ಹೋಗುವವರು ಬೇರೆ. ಆದ್ದರಿಂದ ಈ ಎರಡೂ ಬುದ್ಧಿಮಾತುಗಳನ್ನು ಸ್ವಲ್ಪ ದೂರವಿಟ್ಟು, ಗೊಂಬೆ ಕೆಲಸ ಮಾಡುವ ಬಗೆಯನ್ನು ನೋಡುವುದು ಒಳ್ಳೆಯದು.

ಕಡೂರು, ತರೀಕೆರೆ, ಅಜ್ಜಂಪುರ ಈ ಮಾತಿಗೆ ತಕ್ಕ ಸೀಮೆ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು. ಪಶ್ಚಿಮಕ್ಕೆ ಮಲೆನಾಡಿನ ಅಂಚು, ಪೂರ್ವಕ್ಕೆ ಮಳೆ ಕಡಿಮೆಯಾದ ಬಯಲು. ಮಡಗದ ಕೆರೆ, ಅಯ್ಯನಕೆರೆಗಳಂಥ ದೊಡ್ಡ ಕೆರೆಗಳನ್ನು ನಂಬಿ ಬೆಳೆ ಬೆಳೆದ ನಾಡು. ಮೂಡಲಪಾಯದ ಯಕ್ಷಗಾನ ಕುಣಿದ ಬಯಲುಸೀಮೆಯ ಪಶ್ಚಿಮದ ಅಂಚೂ ಇದೇ. ಮೂಡಲಪಾಯದ ಕುಣಿತ, ಕಿರೀಟ, ಭುಜಕೀರ್ತಿ, ಹಾಡಿನ ಧಾಟಿಗಳನ್ನು ಈ ಭಾಗದ ಸೂತ್ರದ ಗೊಂಬೆಗಳು ಹಾಗೆಯೇ ತೊಟ್ಟುಕೊಂಡಿವೆ. ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರು ಕಡೂರು ತಾಲ್ಲೂಕಿನ ದೇವನೂರು ಎಂಬುದು ಬಹುಮಾನ್ಯ ಅಭಿಪ್ರಾಯ. ಸುಧನ್ವ, ಬಬ್ರುವಾಹನ, ಚಂದ್ರಹಾಸರ ಕಥೆಗಳು ಕನ್ನಡದ ಹಳ್ಳಿಹಳ್ಳಿಯ ಬಯಲಿಗೆ ಬಂದದ್ದರಲ್ಲಿ ಆ ಕಾವ್ಯದ ಪಾಲು ದೊಡ್ಡದು. ಹೀಗೆ ಗೊಂಬೆಯಾಡಿಸುವವನಿಗೆ ಬೇಕಾದ ಕಥೆ, ಧಾಟಿ, ವೇಷ ಮೂರೂ ಇಲ್ಲಿ ಮೊದಲೇ ಸಿದ್ಧವಾಗಿದ್ದವು. ಅವನು ತರಬೇಕಾಗಿದ್ದುದು ಗೊಂಬೆಯನ್ನು ಮಾತ್ರ.

ಗೊಂಬೆಯಲ್ಲಿ ಮುಖ್ಯವಾಗಿ ಎರಡು ಬಗೆ: ತೊಗಲಿನದು, ಮರದ್ದು.

ತೊಗಲುಗೊಂಬೆಯನ್ನು ಆಡಿಸುವವರು ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಎಂದು ಕರೆಸಿಕೊಳ್ಳುವ ಜನ. ಮೀನು ಹಿಡಿಯುವುದು ಅವರ ಇನ್ನೊಂದು ಕಸುಬು. ಬಲೆಯೂ ಗೊಂಬೆಯ ಪೆಟ್ಟಿಗೆಯೂ ಒಟ್ಟಿಗೇ ಪ್ರಯಾಣ ಮಾಡುತ್ತಿದ್ದವು. ಮಳೆ ಹೋದರೆ, ದನಗಳಿಗೆ ಜಾಡ್ಯ ಬಂದರೆ ಬಯಲುಸೀಮೆಯ ಹಳ್ಳಿಗಳು ಅವರನ್ನು ಕರೆಸಿ ಆಡಿಸುತ್ತಿದ್ದವು. ಆಡಿನ ಚರ್ಮವನ್ನು ಕೂದಲು ತೆಗೆದು, ಹೆರೆದು, ಬೆಳಕು ಹಾಯುವಷ್ಟು ತೆಳುವು ಮಾಡಿ, ಆಕಾರ ಕತ್ತರಿಸಿ, ಉಳಿಯಿಂದ ತೂತು ಕೊರೆದು, ಬಣ್ಣ ಹಾಕಿದರೆ ಗೊಂಬೆಯಾಯಿತು. ನಡುವೆ ಸೀಳಿದ ಬಿದಿರಿನ ಕಡ್ಡಿ ಆಧಾರ. ಆಂಧ್ರದ ತೋಲು ಬೊಮ್ಮಲಾಟದ ಗೊಂಬೆಗಳು ಆಳೆತ್ತರಕ್ಕೆ ಹತ್ತಿರ ಬರುತ್ತವೆ. ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು ಇರುತ್ತವೆ. ಕರ್ನಾಟಕದ ಗೊಂಬೆಗಳು ಹೆಚ್ಚಾಗಿ ಚಿಕ್ಕವು, ಕೀಲುಗಳೂ ಕಡಿಮೆ. ಎಷ್ಟೋ ಸಲ ರಥ, ಕುದುರೆ, ಸಾರಥಿ, ವೀರ ಎಲ್ಲರೂ ಒಂದೇ ತೊಗಲಿನಲ್ಲಿ ಕೊರೆದ ಒಂದೇ ಚಿತ್ರವಾಗಿರುತ್ತಾರೆ. ರಾಮನ ಪಟ್ಟಾಭಿಷೇಕವೂ ಹಾಗೆಯೇ: ಅಮೃತಾಪುರದ ಒಂದು ಫಲಕವನ್ನು ಕಿತ್ತು ದೀಪದ ಮುಂದೆ ಹಿಡಿದಂತೆ.

ಇದರಲ್ಲಿ ಯಂತ್ರವೆಲ್ಲಿ ಎಂದು ಕೇಳಬಹುದು. ಯಂತ್ರ ದೀಪದಲ್ಲಿತ್ತು. ಹರಳೆಣ್ಣೆಯ ದೀಪದ ಕುಡಿ ಒಂದೇ ಸಮನೆ ಉರಿಯುವುದಿಲ್ಲ, ಗಾಳಿಗೆ ಬಳುಕುತ್ತದೆ. ಅದು ಬಳುಕಿದಾಗ ಪರದೆಯ ಮೇಲೆ ನಿಂತ ಗೊಂಬೆಯ ಅಂಚು ಕೂಡ ಬಳುಕುತ್ತದೆ. ಕೈಕಾಲು ಆಡದ ಸೀತೆ ಅಶೋಕವನದಲ್ಲಿ ಕೂತಿದ್ದರೂ ಉಸಿರಾಡುತ್ತಿರುವಂತೆ ಕಾಣುತ್ತಾಳೆ. ಗೊಂಬೆಯನ್ನು ಪರದೆಯಿಂದ ತುಸು ಹಿಂದಕ್ಕೆ ತಂದರೆ ಆಕಾರ ದೊಡ್ಡದಾಗಿ, ಮಸುಕಾಗಿ ಮಾಯವಾಗುತ್ತದೆ; ಪರದೆಗೆ ಒತ್ತಿದರೆ ತಟ್ಟನೆ ಬಣ್ಣ ತುಂಬಿ ಪ್ರತ್ಯಕ್ಷವಾಗುತ್ತದೆ. ರಾಕ್ಷಸ ಮಾಯವಾಗುವುದಕ್ಕೆ ಬೇರೆ ಸಲಕರಣೆಯೇ ಬೇಕಿಲ್ಲ. ಎಣ್ಣೆ ದೀಪ ಹೋಗಿ ಗ್ಯಾಸ್‌ಲೈಟು ಬಂತು, ಅದು ಹೋಗಿ ವಿದ್ಯುತ್ ಬಲ್ಬು ಬಂತು. ಬೆಳಕು ಹೆಚ್ಚಿತು, ದೂರ ಕೂತವರಿಗೂ ಕಂಡಿತು; ಇದು ಸಣ್ಣ ಲಾಭವಲ್ಲ. ಆದರೆ ಬಲ್ಬಿನ ಬೆಳಕು ಅಲ್ಲಾಡುವುದಿಲ್ಲ. ಅಲ್ಲಿಯವರೆಗೆ ದೀಪ ಮಾಡುತ್ತಿದ್ದ ಕೆಲಸವನ್ನು ಆಮೇಲೆ ಗೊಂಬೆಯೇ ಮಾಡಬೇಕಾಯಿತು. ಕೀಲು ಸಾಲದು ಎಂಬ ದೂರು ಹುಟ್ಟುವುದಕ್ಕೆ ಇದೂ ಒಂದು ಕಾರಣವಿರಬೇಕು. ಗೊಂಬೆ ಬದಲಾಗಿರಲಿಲ್ಲ, ಅದರ ಹಿಂದಿನ ಬೆಳಕು ಬದಲಾಗಿತ್ತು.

ಇಲ್ಲಿ ಜಾವಾ ಮತ್ತು ಬಾಲಿಯ ನೆರಳುಗೊಂಬೆಗಳನ್ನು ನೆನೆಯಬಹುದು. ಅವರ ಆಟವೂ ರಾಮಾಯಣ, ಮಹಾಭಾರತಗಳದ್ದೇ. ಅದನ್ನು ವಾಯಂಗ್ ಎನ್ನುತ್ತಾರೆ. ಬಾಲಿಯಲ್ಲಿ ಅರ್ಜುನನಂಥ ಉತ್ತಮ ಪಾತ್ರಗಳಿಗೆ ತೋಳು ಮಾತ್ರ ಆಡುತ್ತದೆ, ಬಾಯಿ ಆಡುವುದಿಲ್ಲ. ದವಡೆ ಆಡಿಸುವ ದಾರವಿರುವುದು ವಿದೂಷಕರಿಗೆ. ಮಾತು ಜಾಸ್ತಿ ಇರುವವನಿಗೆ ದವಡೆ ಬೇಕು, ಗಾಂಭೀರ್ಯವಿರುವವನಿಗೆ ಬೇಡ. ನಮ್ಮಲ್ಲಿಯೂ ಪರದೆಯ ಮೇಲೆ ಕುಣಿದು ಕುಪ್ಪಳಿಸುವ ಕೆಲಸ ರಾಮಲಕ್ಷ್ಮಣರದ್ದಲ್ಲ, ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕನದು. ಎಂದರೆ ಹಳಬರಿಗೆ ಕೀಲು ಮಾಡುವುದು ಗೊತ್ತಿರಲಿಲ್ಲ ಎಂದಲ್ಲ. ಯಾರಿಗೆ ಹಾಕಬೇಕು, ಯಾರಿಗೆ ಹಾಕಬಾರದು ಎಂಬ ವಿವೇಚನೆ ಇತ್ತು.

ಮರದ ಗೊಂಬೆಯ ಕಥೆ ಇನ್ನೂ ಸ್ವಾರಸ್ಯದ್ದು. ಬಯಲುಸೀಮೆಯ ಸೂತ್ರದ ಗೊಂಬೆ ದೊಡ್ಡದು, ಭಾರವಾದದ್ದು. ಹಗುರವಾದ ಮರವನ್ನೇ ಆರಿಸಿದರೂ ಕಿರೀಟ, ಆಭರಣ, ಸೀರೆ, ಜರತಾರಿ ಎಲ್ಲ ಸೇರಿದಾಗ ಅದನ್ನು ಬರಿಗೈಯಲ್ಲಿ ಗಂಟೆಗಟ್ಟಲೆ ಎತ್ತಿ ಹಿಡಿಯಲಾಗದು. ಇದಕ್ಕೆ ಹಳಬರು ಕಂಡುಕೊಂಡ ಉಪಾಯವನ್ನು ನೋಡಿ. ಆಡಿಸುವವನ ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ. ಗೊಂಬೆಯ ತಲೆಯಿಂದ ಬಂದ ಸೂತ್ರಗಳು ಆ ಸಿಂಬಿಗೆ ಕಟ್ಟಿರುತ್ತವೆ. ಹೀಗಾಗಿ ಭಾರವೆಲ್ಲ ಅವನ ತಲೆಯ ಮೇಲೆ, ಬೆನ್ನಿನ ಮೇಲೆ. ಎರಡು ಕೈಯೂ ಬಿಡುವು. ಆ ಕೈಗಳಲ್ಲಿ ಎರಡು ಕಬ್ಬಿಣದ ಸಲಾಕೆ. ಅವುಗಳ ಕೆಳತುದಿ ಗೊಂಬೆಯ ಕೈಗಳಿಗೆ ಸೇರಿರುತ್ತದೆ. ಇದನ್ನು ಸಲಾಕೆ ಗೊಂಬೆ ಎಂದೂ ಕರೆಯುತ್ತಾರೆ. ತಮಿಳುನಾಡಿನ ಬೊಮ್ಮಲಾಟ್ಟಂನಲ್ಲೂ ಇದೇ ಕ್ರಮ. ಬೆಂಗಳೂರಿನಲ್ಲಿ ಎಂ.ಆರ್. ರಂಗನಾಥರಾಯರು ನಾಡಿಗೆಲ್ಲ ಪರಿಚಯಿಸಿದ ಗೊಂಬೆಗಳೂ ಈ ಬಗೆಯವೇ.

ಆಡಿಸುವವನು ಬಾಗಿದರೆ ಗೊಂಬೆ ಬಾಗುತ್ತದೆ. ಅವನು ತಲೆ ಕೊಡವಿದರೆ ಅದೂ ಕೊಡವುತ್ತದೆ. ಅವನ ಕಾಲಿಗೆ ಗೆಜ್ಜೆ. ತೆರೆಯ ಹಿಂದೆ ಅವನು ಹೆಜ್ಜೆ ಹಾಕಿದಾಗ ಕೇಳುವ ಸದ್ದು ಗೊಂಬೆಯದೇ ಕಾಲ್ಗೆಜ್ಜೆಯ ಸದ್ದಾಗಿ ಪ್ರೇಕ್ಷಕನಿಗೆ ಕೇಳುತ್ತದೆ. ಎಂದರೆ ಇಲ್ಲಿ ಯಂತ್ರವೆಂಬುದು ಆಡಿಸುವವನ ಮೈ. ಸಲಕರಣೆಯ ಪಟ್ಟಿ ಮಾಡಹೊರಟರೆ ಒಂದು ಸಿಂಬಿ, ಎರಡು ಸಲಾಕೆ, ಒಂದಿಷ್ಟು ದಾರ, ಅಷ್ಟೇ. ಆದರೆ ಇದನ್ನು ಸರಳ ಎಂದು ಕರೆಯುವುದಕ್ಕೆ ನಾಲಿಗೆ ಬರುವುದಿಲ್ಲ. ಸುಧನ್ವ ಕುಣಿಯಬೇಕಾದರೆ ಆಡಿಸುವವನಿಗೆ ಮೊದಲು ಕುಣಿತ ಬರಬೇಕು. ಕತ್ತು ನೋಯುವುದು ಬೇರೆ. ಸರಳತೆಯನ್ನು ಹಾಡಿ ಹೊಗಳುವವರು ಆ ಕತ್ತಿನ ವಿಚಾರವನ್ನು ಸಾಮಾನ್ಯವಾಗಿ ಎತ್ತುವುದಿಲ್ಲ.

ಕರಾವಳಿಯ ದಾರಿ ಬೇರೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಗೊಂಬೆಗಳು ಚಿಕ್ಕವು, ಸಂಪೂರ್ಣ ಸೂತ್ರದವು. ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು. ದಾರಗಳೆಲ್ಲ ಮೇಲಿನ ಹಿಡಿಗೆ ಸೇರುತ್ತವೆ. ಬಡಗುತಿಟ್ಟಿನ ಯಕ್ಷಗಾನದ ಚುರುಕಾದ ಹೆಜ್ಜೆ ತೋರಿಸಲು ಆ ಕಾಲು, ಆ ಮೊಣಕಾಲು ಬೇಕೇ ಬೇಕು. 2003ರಲ್ಲಿ ತೀರಿಕೊಂಡ ಕೊಗ್ಗ ಕಾಮತರು ಈ ಗೊಂಬೆಗಳನ್ನು ದೇಶವಿದೇಶಗಳಿಗೆ ಒಯ್ದರು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಮುಂದುವರಿಸಿದರು. ಇದಕ್ಕೆ ವಿರುದ್ಧವಾದ ಉದಾಹರಣೆ ರಾಜಸ್ಥಾನದ ಕಠಪುತಲಿ. ಅದಕ್ಕೆ ಕಾಲೇ ಇಲ್ಲ. ಉದ್ದನೆಯ ಲಂಗವೇ ಕಾಲು. ಆಡಿಸುವವನ ಬೆರಳಲ್ಲಿ ಎರಡು ದಾರವಿದ್ದರೂ ಸಾಕು. ಆದರೂ ಗಿರ್ರನೆ ತಿರುಗುವ ನರ್ತಕಿಯನ್ನು ನೋಡಿದ ಯಾರೂ ಕಾಲೆಲ್ಲಿ ಎಂದು ಕೇಳಿದ್ದಿಲ್ಲ. ಹಾಗಾಗಿ ಇಲ್ಲಿ ಹೆಚ್ಚು ಕೀಲಿನದು ಮೇಲೋ ಕಡಿಮೆಯದು ಮೇಲೋ ಎಂಬ ವಾದ ಅರ್ಥವಿಲ್ಲದ್ದು. ಬಡಗುತಿಟ್ಟಿಗೆ ಮೊಣಕಾಲು ಬೇಕು. ಕಠಪುತಲಿಗೆ ಬೇಡ. ಮೂಡಲಪಾಯದ ಗೊಂಬೆಗೆ ಎದೆಯುಬ್ಬಿಸಿ ನಿಲ್ಲುವ ಭಾರ ಬೇಕು.

ಕೀಲು ಹೆಚ್ಚಿಸುವುದರಲ್ಲಿ ಒಂದು ಕಷ್ಟವಿದೆ. ಮಾಡಿದವರಿಗೆ ಮಾತ್ರ ಅದು ಗೊತ್ತು. ಜೋತುಬಿದ್ದ ಅಂಗ ಲೋಲಕದಂತೆ ತನ್ನಷ್ಟಕ್ಕೆ ತೂಗುತ್ತದೆ. ಮೈ ಒಂದು ಕಡೆ ವಾಲಿದರೆ ಕೈ ಹಿಂದೆಯೇ ಸೊಗಸಾಗಿ ಬಂದು ನಿಲ್ಲುತ್ತದೆ. ಜರ್ಮನ್ ಲೇಖಕ ಕ್ಲೈಸ್ಟ್ 1810ರಲ್ಲಿ ಬರೆದ ಗೊಂಬೆಯಾಟದ ಪ್ರಬಂಧದಲ್ಲಿ ಇದೇ ವಿಚಾರವಿದೆ: ಪ್ರತಿಯೊಂದು ಅಂಗಕ್ಕೂ ಬೇರೆ ಬೇರೆ ದಾರ ಎಳೆಯಬೇಕಾಗಿಲ್ಲ, ಮೈಯ ಭಾರದ ಕೇಂದ್ರವನ್ನು ಸರಿಯಾಗಿ ನಡೆಸಿದರೆ ಉಳಿದದ್ದು ತಾನಾಗಿ ಬರುತ್ತದೆ. ಪ್ರತಿ ಅಂಗಕ್ಕೂ ದಾರ ಕಟ್ಟಿದ ಕೂಡಲೇ ಆ ತಾನಾಗಿ ಬರುವ ಚಲನೆ ನಿಂತುಹೋಗುತ್ತದೆ. ಪ್ರತಿಯೊಂದನ್ನೂ ಆಡಿಸುವವನೇ ಮಾಡಬೇಕು, ಅವನಿಗಿರುವುದು ಹತ್ತು ಬೆರಳು. ಜೊತೆಗೆ ದಾರ ದಾರಕ್ಕೆ ಸಿಕ್ಕು. ರಾತ್ರಿ ಎರಡು ಗಂಟೆಗೆ ಯುದ್ಧದ ಪ್ರಸಂಗದ ನಡುವೆ ಸಿಕ್ಕು ಬಿದ್ದರೆ ಕಥೆಯಲ್ಲಿ ಸಾಯಬೇಕಾದವನು ಸಾಯದೆ ನೇತಾಡುತ್ತಾನೆ.

ಯಾಂತ್ರಿಕ ಗೊಂಬೆ ನಮಗೆ ಹೊಸದೇನಲ್ಲ. ಹನ್ನೊಂದನೇ ಶತಮಾನದ ಕಥಾಸರಿತ್ಸಾಗರದಲ್ಲಿ ಮಯನ ಮಗಳು ಸೋಮಪ್ರಭೆ ಒಂದು ಬುಟ್ಟಿಯ ತುಂಬ ಮರದ ಯಂತ್ರದ ಗೊಂಬೆಗಳನ್ನು ತಂದು ಗೆಳತಿ ಕಲಿಂಗಸೇನೆಗೆ ತೋರಿಸುತ್ತಾಳೆ. ಕೀಲು ಮುಟ್ಟಿದರೆ ಒಂದು ಹಾರಿ ಹೋಗಿ ಹೂಮಾಲೆ ತರುತ್ತದೆ, ಇನ್ನೊಂದು ನೀರು ತರುತ್ತದೆ, ಮತ್ತೊಂದು ಕುಣಿಯುತ್ತದೆ. ಅದೇ ಶತಮಾನದ ಭೋಜರಾಜನ ಸಮರಾಂಗಣ ಸೂತ್ರಧಾರದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯವಿದೆ. ಆದರೆ ಗುಟ್ಟು ಉಳಿಯಲಿ ಎಂದು ಕಟ್ಟುವ ವಿವರವನ್ನು ಪೂರ್ತಿ ಹೇಳಿಲ್ಲ.

ಮೈಸೂರು ರಾಜ್ಯದ್ದೇ ಆದ ಯಾಂತ್ರಿಕ ಗೊಂಬೆ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದು ಟಿಪ್ಪುವಿನ ಹುಲಿ. ಮಲಗಿದ ಯುರೋಪಿಯನ್ನನ ಮೇಲೆ ನಿಂತ ಮರದ ಹುಲಿ; ಹಿಡಿ ತಿರುಗಿಸಿದರೆ ಒಳಗಿನ ತಿದಿಗಳಿಂದ ಹುಲಿಯ ಗರ್ಜನೆ, ಮನುಷ್ಯನ ನರಳಾಟ; ಅವನ ಕೈ ಎದ್ದು ಇಳಿಯುತ್ತದೆ. ಹುಲಿಯ ಮಗ್ಗುಲಲ್ಲಿ ನುಡಿಸುವ ಮನೆಗಳುಳ್ಳ ಪುಟ್ಟ ಆರ್ಗನ್ನೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ವಶವಾಗಿ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್ ಸೇರಿತು. ಅಲ್ಲಿ ಬಂದವರೆಲ್ಲ ಹಿಡಿ ತಿರುಗಿಸಿ ಗರ್ಜನೆ ಕೇಳುವವರೇ. ಪಕ್ಕದ ಪುಸ್ತಕಾಲಯದಲ್ಲಿ ಓದುತ್ತಿದ್ದವರು ಈ ಗದ್ದಲ ತಾಳಲಾರದೆ ದೂರು ಕೊಟ್ಟರಂತೆ. ಯಂತ್ರ ಸವೆಯಿತು, ಕೆಟ್ಟಿತು, ಹಿಡಿಯೂ ಕಾಣೆಯಾಯಿತು. (ಟಿಪ್ಪುವಿನ ಹೆಸರಿಗೆ ಅಂಟಿದ ಇನ್ನೊಂದು ವಸ್ತು ಅಜ್ಜಂಪುರದಲ್ಲಿದೆ: ಬೆಣ್ಣೆ ಚಾವಡಿಯ ದನಗಳಿಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಅವನೇ, ಆ ತಳಿಯನ್ನು ಸಾಕುವ ಕೇಂದ್ರ ಇರುವುದು ಇಲ್ಲಿ. ಆ ಹೋರಿಗಳಿಗೆ ಹಿಡಿ ತಿರುಗಿಸುವ ಅಗತ್ಯ ಯಾರಿಗೂ ಬಿದ್ದಿಲ್ಲ.) ಹುಲಿ ಅಪೂರ್ವವಾದ ವಸ್ತು, ಸಂದೇಹವಿಲ್ಲ. ಆದರೆ ಅದಕ್ಕೆ ಬರುವುದು ಒಂದೇ ಕಥೆ. ನೂರು ಸಲ ತಿರುಗಿಸಿದರೂ ಹುಲಿ ಅದೇ ಗರ್ಜನೆ, ಆ ಮನುಷ್ಯ ಅದೇ ನರಳಾಟ. ಕೌತುಕ ಒಂದು ಸಲದ್ದು. ಗೊಂಬೆಯಾಡಿಸುವವನು ರಾತ್ರಿಯೆಲ್ಲ ಜನರನ್ನು ಕೂರಿಸಬೇಕಾದವನು. ಅವನಿಗೆ ಒಂದು ಸಲದ ಕೌತುಕದಿಂದ ಸಂಸಾರ ಸಾಗುವುದಿಲ್ಲ.

ಹಾಗೆಂದು ಯಂತ್ರವನ್ನೆಲ್ಲ ತಳ್ಳಿಹಾಕುವುದು ಸರಿಯಲ್ಲ. ಜಪಾನಿನ ಬುನ್‌ರಾಕು ಇದಕ್ಕೆ ಸಾಕ್ಷಿ. ಅಲ್ಲಿ ಒಂದು ಗೊಂಬೆಗೆ ಮೂವರು: ಮುಖ್ಯನು ತಲೆ ಮತ್ತು ಬಲಗೈ, ಎರಡನೆಯವನು ಎಡಗೈ, ಮೂರನೆಯವನು ಕಾಲು. ಈ ಪದ್ಧತಿ 1734ರಲ್ಲಿ ಬಂದದ್ದು. ಕೆಲವು ಗಂಡುಗೊಂಬೆಗಳಿಗೆ ಹುಬ್ಬು, ಕಣ್ಣು, ಬಾಯಿ ಎಲ್ಲ ಆಡುತ್ತವೆ. ಜಗತ್ತಿನಲ್ಲೇ ಅತಿ ಸೂಕ್ಷ್ಮವಾದ ಗೊಂಬೆಯಾಟ ಇದೆಂದು ಹೇಳುವವರಿದ್ದಾರೆ. ಆ ಆಟದಲ್ಲೇ ಹೆಣ್ಣುಗೊಂಬೆಗಳಿಗೆ ಸಾಮಾನ್ಯವಾಗಿ ಕಾಲಿಲ್ಲ! ಮೂರನೆಯವನು ನಿಲುವಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಡೆಯಿಸಿದರೆ ಹೆಣ್ಣು ನಡೆದಂತೆಯೇ. ಕೆಲವು ಹೆಣ್ಣುಗೊಂಬೆಗಳ ತುಟಿಯ ಬಳಿ ಸಣ್ಣ ಮೊಳೆಯೊಂದಿರುತ್ತದೆ. ದುಃಖ ಬಂದಾಗ ಸೆರಗನ್ನು ಕಚ್ಚಿದಂತೆ ತೋಳಿನ ಬಟ್ಟೆಯನ್ನು ಅದಕ್ಕೆ ಸಿಕ್ಕಿಸುತ್ತಾರೆ. ಅಳುವುದಕ್ಕೆ ಒಂದು ಮೊಳೆ ಸಾಕಾಯಿತು.

ಈಗ ನಮ್ಮ ಊರಿನ ಪ್ರಶ್ನೆಗೆ ಬರಬಹುದು. ಗೊಂಬೆಯಾಟವನ್ನು ಯಂತ್ರ ಕೆಡಿಸಿತು ಎಂದು ಗೊಣಗುವವರು ಯಾವ ಯಂತ್ರದ ಮಾತಾಡುತ್ತಿದ್ದಾರೆ ಎಂದು ಕೇಳಬೇಕು. ಕೀಲು ಕೆಡಿಸಲಿಲ್ಲ. ಬಲ್ಬು ಸ್ವಲ್ಪ ಕೆಡಿಸಿತು. ನಿಜವಾಗಿ ಪೆಟ್ಟು ಕೊಟ್ಟದ್ದು ಕ್ಯಾಸೆಟ್ಟು. ಅದರ ಹಿಂದೆ ಬಂದ ಸಿ.ಡಿ., ಈಗಿನ ಮೊಬೈಲು. ಹಾಡು, ಮಾತು, ಮದ್ದಳೆ ಎಲ್ಲವನ್ನೂ ಮೊದಲೇ ಧ್ವನಿಮುದ್ರಿಸಿಕೊಂಡು ಅದಕ್ಕೆ ತಕ್ಕಂತೆ ಗೊಂಬೆ ಆಡಿಸುವ ಪದ್ಧತಿ ಎಷ್ಟೋ ಕಡೆ ಬಂದಿದೆ. ಕಾರಣವಿಲ್ಲದೆ ಬಂದದ್ದಲ್ಲ. ಭಾಗವತ, ಮದ್ದಳೆಯವ, ಹಿಮ್ಮೇಳದ ಹೆಂಗಸರು ಎಲ್ಲರಿಗೂ ಕೂಲಿ ಕೊಡುವಷ್ಟು ಸಂಭಾವನೆ ಶಾಲೆಯ ಒಂದು ಗಂಟೆಯ ಪ್ರದರ್ಶನದಲ್ಲಿ ಹುಟ್ಟುವುದಿಲ್ಲ. ಪ್ರಸಿದ್ಧವಾದ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಗೊಂಬೆಮಂದಿರ, 1913ರಲ್ಲಿ ಶುರುವಾದದ್ದು, ಧ್ವನಿಮುದ್ರಿತ ಸಂಗೀತಕ್ಕೇ ಮೊಟ್ಸಾರ್ಟನ ಸಂಗೀತನಾಟಕಗಳನ್ನು ಆಡುತ್ತದೆ, ಸೊಗಸಾಗಿಯೇ ಆಡುತ್ತದೆ. ಅಲ್ಲಿನ ಸಂಗೀತದಲ್ಲಿ ಒಂದು ಸ್ವರವನ್ನೂ ಬದಲಿಸುವಂತಿಲ್ಲ, ಆದ್ದರಿಂದ ನಷ್ಟವಿಲ್ಲ.

ನಮ್ಮ ಬಯಲಿನ ಆಟ ಹಾಗಲ್ಲ. ಕಿಳ್ಳೇಕ್ಯಾತ ಪರದೆಯ ಮೇಲೆ ಬಂದಾಗ ಅವನು ಆಡುವುದು ಆ ಊರಿನ ಮಾತು: ಒಡೆದ ಕೆರೆಯ ಕೋಡಿ, ಯಾರದೋ ಜಿಪುಣತನ, ಮುಂದಿನ ಸಾಲಿನಲ್ಲಿ ನಿದ್ದೆ ಮಾಡುತ್ತಿರುವವನ ಗೊರಕೆ. ಜನ ನಕ್ಕರೆ ಮಾತು ಬೆಳೆಯುತ್ತದೆ. ನಗದಿದ್ದರೆ ಅಲ್ಲಿಗೇ ಮೊಟಕಾಗಿ ರಾವಣ ಬರುತ್ತಾನೆ. ಮುದ್ರಿಸಿಟ್ಟ ಧ್ವನಿಗೆ ಜನ ನಕ್ಕದ್ದು ಕೇಳಿಸುವುದಿಲ್ಲ. ಹೋದದ್ದು ಇದು. ಗೊಂಬೆಯ ಕಣ್ಣು ಮಿಟುಕಿಸುವಂತೆ ಮಾಡಿದರೂ ಇದು ಮರಳಿ ಬರುವುದಿಲ್ಲ. ಮಿಟುಕಿಸದಿದ್ದರೂ, ಎದುರಿಗೆ ಹಾಡುವವರಿದ್ದರೆ ಬರುತ್ತದೆ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ಅದರ ಹಿಂದಿನ ವರ್ಷ ಬೆಂಗಳೂರಿನ ಧಾತು ಸಂಸ್ಥೆಯ ಅನುಪಮಾ ಹೊಸಕೆರೆ ಅವರಿಗೆ ಅದೇ ಪ್ರಶಸ್ತಿ. ಒಬ್ಬರದು ಮನೆತನದ ತೊಗಲು, ಇನ್ನೊಬ್ಬರದು ನಗರದ ರಂಗಮಂದಿರದ ಮರದ ಗೊಂಬೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೀರಿಕೊಳ್ಳುವವರೆಗೂ ತೊಗಲುಗೊಂಬೆಯಲ್ಲಿ ಗಾಂಧೀಜಿಯ ಕಥೆ ಆಡಿಸಿದರು. ಕೋಲು ಹಿಡಿದು ನಡೆಯುವ ಗಾಂಧಿ ತೊಗಲಿಗೆ ಹೇಳಿ ಮಾಡಿಸಿದ ಆಕೃತಿ. ನೆರಳಲ್ಲೇ ಗುರುತು ಸಿಗುತ್ತದೆ. ಅಲ್ಲಿ ಹೊಸದಾಗಿ ಬಂದದ್ದು ಕಥೆ, ಕಲೆ ಹಳೆಯದೇ.

ಹಳೆಯ ತೊಗಲುಗೊಂಬೆ ಸವೆದು ಹರಿದ ಮೇಲೆ ಅದನ್ನು ಎಸೆಯುತ್ತಿರಲಿಲ್ಲ, ನೀರಿಗೆ ಬಿಡುತ್ತಿದ್ದರು. ಎಷ್ಟೋ ಅಪೂರ್ವ ಗೊಂಬೆಗಳು ಹೀಗೆ ಹೊಳೆ ಸೇರಿದವು. ಎಂ.ಎಸ್. ನಂಜುಂಡರಾಯರು ಊರೂರು ಸುತ್ತಿ ಕೂಡಿಸಿದವು ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಉಳಿದಿವೆ. ಗಾಜಿನ ಹಿಂದೆ ನಿಂತ ಆ ಗೊಂಬೆಗಳನ್ನು ನೋಡುವವರು ತೊಗಲಿನ ಅಂಚಿನಲ್ಲಿ ಅಲ್ಲಲ್ಲಿ ಹೊಲಿದ, ಮತ್ತೆ ಗಂಟು ಹಾಕಿದ ದಾರವನ್ನೂ ಗಮನಿಸಬೇಕು. ಕಿತ್ತುಹೋದ ಕೈಯನ್ನು ಆಟದ ನಡುವೆಯೇ, ಅದೇ ದೀಪದ ಬೆಳಕಿನಲ್ಲಿ, ಮನೆಯ ಹೆಂಗಸೊಬ್ಬಳು ಸೂಜಿ ದಾರ ತೆಗೆದು ಹೊಲಿದು ಕೊಡುತ್ತಿದ್ದಳು. ಅಷ್ಟರಲ್ಲಿ ಕಿಳ್ಳೇಕ್ಯಾತ ಬಂದು ಜನರನ್ನು ನಗಿಸುತ್ತಿದ್ದ.